ರಸ್ತೆ ಬದಲಾಗಲಿ, ಕಂತುಕಂತಾಗಿ



ಕಳೆದ ವರ್ಷ ರಂಜಾನ್ ಮುಗಿದ ಮರುವಾರ ನಮ್ಮ ಅಂಗಡಿಯ ಗೋಡೆಗೆ ಒಂದು ಕೆಂಪು ಗುರುತು ಬಿತ್ತು. ಟೇಪು ಹಿಡಿದು ಬಂದ ಇಬ್ಬರು ರಸ್ತೆಯ ಮಧ್ಯದಿಂದ ಅಳೆದು, ನಮ್ಮ ಬಾಗಿಲಿನಿಂದ ನಾಲ್ಕು ಅಡಿ ಒಳಗೆ ಪಕ್ಕದ ಗೋಡೆಯ ಮೇಲೆ ಗೆರೆ ಎಳೆದರು. ಅಬ್ಬಾ ಅವರಿಗೆ ಟೀ ತರಿಸಿಕೊಟ್ಟು, "ಯಾವಾಗ ಸಾರ್?" ಎಂದು ಕೇಳಿದರು. "ಅದೆಲ್ಲ ಮೇಲಿನವರಿಗೆ ಗೊತ್ತು, ನಾವು ಅಳೆಯೋಕೆ ಬಂದೋರು" ಎಂದು ಹೇಳಿ ಅವರು ಮುಂದಿನ ಅಂಗಡಿಗೆ ಹೋದರು.

ಅಂದಿನಿಂದ ಅಬ್ಬಾ ಷಟರ್‌ಗೆ ಬಣ್ಣ ಹೊಡೆಸಿಲ್ಲ. ಮಳೆಗಾಲದಲ್ಲಿ ಸೋರಿದ ಶೀಟನ್ನೂ ಬದಲಿಸಿಲ್ಲ, ಕೆಳಗೆ ಬಕೆಟ್ ಇಟ್ಟರು ಅಷ್ಟೆ. "ಹೇಗೂ ಒಡೀತಾರೆ, ದುಡ್ಡು ಯಾಕೆ ಹಾಕೋದು" ಎನ್ನುತ್ತಾರೆ. ಪಕ್ಕದ ಹೋಟೆಲಿನವರೂ ಹೊಸ ಮೇಜು ಹಾಕಿಸುವುದನ್ನು ನಿಲ್ಲಿಸಿದ್ದಾರೆ. ಒಂದು ಇಟ್ಟಿಗೆಯೂ ಬಿದ್ದಿಲ್ಲ, ಆದರೂ ನಮ್ಮ ರಸ್ತೆ ಒಂದು ವರ್ಷದಿಂದ ಹಾಳಾಗುತ್ತಿದೆ. ಈ ಲೇಖನ ಬರೆಯಲು ಅದೇ ಕಾರಣ.

ರಸ್ತೆಯ ಹೆಸರು ಬರೆಯುವುದಿಲ್ಲ. ಚಿಕ್ಕಮಗಳೂರಿನ ಅಂಚಿನ ಬಡಾವಣೆಗಳಲ್ಲಿ ಇರುವವರಿಗೆ ಅದು ತಮ್ಮದೇ ರಸ್ತೆ ಅನ್ನಿಸಬಹುದು. ಮೂಡಿಗೆರೆ, ಕಳಸ, ಆಲ್ದೂರು, ಬಾಳೆಹೊನ್ನೂರಿನಿಂದ ಬರುವ ಗೆಳೆಯರೂ ತಮ್ಮ ಪೇಟೆ ಬೀದಿಯನ್ನು ನೆನಪಿಸಿಕೊಳ್ಳಲಿ. ಕೆಳಗೆ ಅಂಗಡಿ, ಮೇಲೆ ಅಥವಾ ಹಿಂದೆ ಮನೆ. ನಡುವೆ ಒಂದು ವೆಲ್ಡಿಂಗ್ ಶಾಪ್, ಒಂದು ಕ್ಲಿನಿಕ್, ಒಂದು ಟ್ಯೂಷನ್ ಕೊಠಡಿ. 2011ರ ಜನಗಣತಿಯಲ್ಲಿ ನಮ್ಮ ನಗರದ ಜನಸಂಖ್ಯೆ 1,18,401 ಇತ್ತು. ಎಂ.ಜಿ. ರಸ್ತೆ, ಮಾರ್ಕೆಟ್ ರಸ್ತೆ, ಐ.ಜಿ. ರಸ್ತೆಗಳಲ್ಲಿ ಹೊಸಬರಿಗೆ ಜಾಗವೂ ಇಲ್ಲ, ಅಲ್ಲಿನ ಅಡ್ವಾನ್ಸ್ ಕೊಡುವ ಶಕ್ತಿಯೂ ಇಲ್ಲ. ಹಾಗಾಗಿ ವ್ಯಾಪಾರ ಊರಿನ ಅಂಚಿಗೆ ಬಂತು. ಯಾರೂ ನಕ್ಷೆ ಹಾಕಿ ಮಾಡಿದ್ದಲ್ಲ. ಮುಂದಿನ ಕೋಣೆಯ ಗೋಡೆ ಒಡೆದು ಷಟರ್ ಹಾಕಿದರೆ ಅದೇ ಅಂಗಡಿ.

ಮೊದಲು ನಮ್ಮ ತಪ್ಪನ್ನೇ ಹೇಳಿಬಿಡುತ್ತೇನೆ. ನಮ್ಮದು ಕೊಡೆ, ರೇನ್‌ಕೋಟ್, ಕಂಬಳಿ, ಟಾರ್ಪಾಲ್, ಸ್ಕೂಲ್ ಬ್ಯಾಗಿನ ಅಂಗಡಿ. ಮೇ ತಿಂಗಳಲ್ಲಿ ನಾವು ಫುಟ್‌ಪಾತ್ ಮೇಲೆ ಒಂದು ಮಂಚ ಹಾಕಿ ಕೊಡೆ ಜೋಡಿಸುತ್ತೇವೆ. ಎದುರಿನವರು ಈರುಳ್ಳಿ ಮೂಟೆ ಇಡುತ್ತಾರೆ. ನಡೆಯುವವರು ರಸ್ತೆಗೆ ಇಳಿಯಬೇಕು. ವಾರದ ಕೊನೆಯಲ್ಲಿ ಮುಳ್ಳಯ್ಯನಗಿರಿಗೆ ಹೋಗುವ ಪ್ರವಾಸಿಗರ ಕಾರುಗಳು ಊರೊಳಗೆ ತುಂಬಿದಾಗ ದಾರಿ ತಪ್ಪಿಸಿಕೊಂಡು ನಮ್ಮ ರಸ್ತೆಗೂ ಬರುತ್ತವೆ. ಚರಂಡಿಯ ಮೇಲಿನ ಚಪ್ಪಡಿಗಳಲ್ಲಿ ಅರ್ಧ ಒಡೆದಿವೆ. ಹೋದ ಜುಲೈನಲ್ಲಿ ನನ್ನ ತಮ್ಮ ಮದರಸಾದಿಂದ ಬರುವಾಗ ಅಂಥ ಒಂದು ಸಂದಿಗೆ ಕಾಲು ಹಾಕಿ ಬಿದ್ದ. ಮೊಣಕಾಲಿಗೆ ಐದು ಹೊಲಿಗೆ. ಆದ್ದರಿಂದ "ನಮ್ಮ ರಸ್ತೆ ಮುಟ್ಟಬೇಡಿ" ಎಂದು ನಾನು ಹೇಳಲಾರೆ. ಮುಟ್ಟಲೇಬೇಕು.

ಹೇಗೆ ಮುಟ್ಟಬೇಕು ಎಂಬುದೇ ಪ್ರಶ್ನೆ. ನಮ್ಮ ಬೀದಿಯಲ್ಲಿ ಎರಡು ಅಭಿಪ್ರಾಯಗಳಿವೆ. ಒಂದು, ಎಲ್ಲವನ್ನೂ ಒಂದೇ ಸಲ ಒಡೆದು ಅಗಲ ರಸ್ತೆ, ದೊಡ್ಡ ಕಾಂಪ್ಲೆಕ್ಸ್ ಕಟ್ಟಲಿ. ನೋವು ಒಂದೇ ಸಲ ಮುಗಿಯಲಿ. ಎರಡು, ಕೋರ್ಟಿಗೆ ಹೋಗಿ ತಡೆ ತರೋಣ. ನನಗೆ ಎರಡೂ ಸರಿ ಕಾಣುವುದಿಲ್ಲ. ಕೆಲಸ ಭಾಗಭಾಗವಾಗಿ, ಮೊದಲೇ ತಿಳಿಸಿದ ತಾರೀಖಿಗೆ, ಅಂಗಡಿಗಳು ನಡೆಯುತ್ತಿರುವಂತೆಯೇ ಆಗಬೇಕು. ಆ ತಾರೀಖುಗಳನ್ನು ನಮ್ಮ ವ್ಯಾಪಾರದ ಲೆಕ್ಕ ನೋಡಿ ಇಡಬೇಕು.

ಲೆಕ್ಕ ಎಂದೆನಲ್ಲ, ಅದನ್ನು ಸ್ವಲ್ಪ ವಿವರಿಸುತ್ತೇನೆ. ಅಕೌಂಟೆನ್ಸಿ ಕಲಿಯಲು ಶುರು ಮಾಡಿದ ಮೇಲೆ ಅಬ್ಬಾ ಅವರ ಚೀಟಿಗಳನ್ನೆಲ್ಲ ಸೇರಿಸಿ ಹಿಂದಿನ ವರ್ಷದ ಮಾರಾಟವನ್ನು ತಿಂಗಳುವಾರು ಬರೆದೆ. ಮೇ ಕೊನೆ ಮತ್ತು ಜೂನ್ ಎರಡೇ ಸೇರಿ ವರ್ಷದ ವ್ಯಾಪಾರದ ಹೆಚ್ಚಿನ ಪಾಲು ತಂದಿದ್ದವು. ಇದು ನಮ್ಮ ಕಥೆ ಮಾತ್ರವೇ ಎಂದು ನಾನೂ ನನ್ನ ಗೆಳತಿಯೂ ಸಾಲಿನ ಹನ್ನೊಂದು ಅಂಗಡಿಗಳಲ್ಲಿ ಕೇಳಿದೆವು. ದಿನಸಿ, ಬಟ್ಟೆ, ಪಾತ್ರೆ ಅಂಗಡಿಯವರ ಸುಗ್ಗಿ ಬೇರೆ. ಅದು ಕಾಫಿ ಕುಯ್ಲಿನ ಕಾಲ. ನವೆಂಬರ್‌ನಿಂದ ಅರೇಬಿಕಾ, ಜನವರಿ ನಂತರ ರೋಬಸ್ಟಾ, ಮಾರ್ಚ್‌ವರೆಗೂ ತೋಟಗಳಲ್ಲಿ ಕೆಲಸ. ಬಟವಾಡೆಯ ಮಾರನೆಯ ದಿನ ಲೈನ್ ಮನೆಗಳಿಂದ ಜನ ಪೇಟೆಗೆ ಬರುತ್ತಾರೆ, ಹಳೇ ಬಾಕಿ ತೀರಿಸುತ್ತಾರೆ, ಹೊಸ ಸಾಮಾನು ಒಯ್ಯುತ್ತಾರೆ. ಹೋಟೆಲಿಗೆ ಏಪ್ರಿಲ್-ಮೇ ಚೆನ್ನಾಗಿರುತ್ತದೆ. ಮಾಂಸದ ಅಂಗಡಿಗೆ, ಖರ್ಜೂರ ಮಾರುವವರಿಗೆ ರಂಜಾನ್ ಮುಖ್ಯ. ಅದಂತೂ ಪ್ರತಿ ವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. ಐದು ವರ್ಷದ ಯೋಜನೆ ಹಾಕಿದರೆ ಅಷ್ಟರಲ್ಲಿ ಸುಮಾರು ಎರಡು ತಿಂಗಳು ಹಿಂದೆ ಸರಿದಿರುತ್ತದೆ.

ಎಲ್ಲರಿಗೂ ವ್ಯಾಪಾರ ಕಡಿಮೆ ಇರುವುದು ಜುಲೈ, ಆಗಸ್ಟ್. ಆದರೆ ಆಗ ಚರಂಡಿ ಅಗೆದರೆ ಏನಾಗುತ್ತದೆಂದು ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಮೂಡಿಗೆರೆ, ಕಳಸದ ಕಡೆಗೆ ಹೋಲಿಸಿದರೆ ನಮ್ಮ ಊರಿನ ಮಳೆ ಕಡಿಮೆಯೇ, ಆದರೂ ಅಗೆದ ಗುಂಡಿ ಒಂದೇ ವಾರದಲ್ಲಿ ಕೆರೆಯಾಗುತ್ತದೆ. ಹಾಗಾದರೆ ಉಳಿಯುವುದು ಎರಡು ಸಣ್ಣ ಅವಧಿಗಳು: ಅಕ್ಟೋಬರ್ ನಡುವಿನಿಂದ ನವೆಂಬರ್ ಕೊನೆಯವರೆಗೆ ಒಂದು, ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ ಇನ್ನೊಂದು. ಅದರಲ್ಲೂ ದೀಪಾವಳಿಯ ವಾರ ಬಿಡಬೇಕು. ಹೋಟೆಲಿನವರು ಏಪ್ರಿಲ್ ಬೇಡ ಎನ್ನುತ್ತಾರೆ, ಅವರ ಎದುರಿನ ಭಾಗವನ್ನು ಅಕ್ಟೋಬರ್‌ಗೆ ಇಡಬಹುದು. ರಸ್ತೆಯನ್ನು ನಾಲ್ಕು ಭಾಗ ಮಾಡಿ ಒಂದು ಅವಧಿಗೆ ಒಂದು ಭಾಗ ಮುಗಿಸಿದರೆ ಚರಂಡಿ, ಫುಟ್‌ಪಾತ್, ರಸ್ತೆಯ ಕೆಲಸ ಎರಡು ವರ್ಷದಲ್ಲಿ ಮುಗಿಯುತ್ತದೆ. ಇದನ್ನು ಇಂಜಿನಿಯರ್‌ಗಳು ನನಗಿಂತ ಚೆನ್ನಾಗಿ ಮಾಡಬಲ್ಲರು. ಆದರೆ ನಮ್ಮ ಸಾಲಿನ ಹನ್ನೊಂದು ಅಂಗಡಿಯವರಲ್ಲಿ ಒಬ್ಬರನ್ನೂ ಯಾರೂ "ನಿಮಗೆ ಯಾವ ತಿಂಗಳು ವ್ಯಾಪಾರ?" ಎಂದು ಕೇಳಿಲ್ಲ.

"ಆರು ತಿಂಗಳು ಮುಚ್ಚಿ, ಆಮೇಲೆ ಹೊಸ ಅಂಗಡಿ ಸಿಗುತ್ತದಲ್ಲ" ಎನ್ನುವವರಿಗೆ ನಮ್ಮ ಬಿಸಿನೆಸ್ ಸ್ಟಡೀಸ್ ಪುಸ್ತಕದ ಒಂದು ಪದ ನೆನಪಿಸುತ್ತೇನೆ: ದುಡಿಯುವ ಬಂಡವಾಳ. ಸಣ್ಣ ಅಂಗಡಿಯವನ ಬಂಡವಾಳ ಬ್ಯಾಂಕಿನಲ್ಲಿ ಇರುವುದಿಲ್ಲ. ಅರ್ಧ ಮಾಲಿನಲ್ಲಿ, ಇನ್ನರ್ಧ ಗಿರಾಕಿಗಳ ಉದ್ರಿ ಪುಸ್ತಕದಲ್ಲಿ ಇರುತ್ತದೆ. ಅಂಗಡಿ ಮುಚ್ಚಿದರೆ ಉದ್ರಿ ಕೊಡಬೇಕಾದವರು ಆ ದಾರಿಯಲ್ಲಿ ಬರುವುದೇ ಇಲ್ಲ. ಆದರೆ ಹೋಲ್‌ಸೇಲಿನವರು ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಆರು ತಿಂಗಳಾದ ಮೇಲೆ ಹೊಸ ಷಟರ್ ಎತ್ತಲು ಅಂಗಡಿಯವನೇ ಉಳಿದಿರುವುದಿಲ್ಲ.

ಇನ್ನು ಕಾಂಪ್ಲೆಕ್ಸ್ ವಿಷಯ. ಮೇಲಿನ ಮಹಡಿಯಲ್ಲಿ ಅಂಗಡಿ ಕೊಟ್ಟರೆ ಕೊಡೆ ಮಾರುವವನ ಗತಿ ಏನು? ಮಳೆ ಬಂದಾಗ ನೆನೆಯುತ್ತಾ ಬರುವವನು ಎದುರಿಗೆ ಕಂಡ ಅಂಗಡಿಗೆ ನುಗ್ಗುತ್ತಾನೆ. ಮೆಟ್ಟಿಲು ಹತ್ತಿ ಹುಡುಕುವುದಿಲ್ಲ. ಹಾಗಾಗಿ ರಸ್ತೆ ಮಟ್ಟದಲ್ಲಿ ಅಂಗಡಿ ಇದ್ದವರಿಗೆ ರಸ್ತೆ ಮಟ್ಟದಲ್ಲೇ ಜಾಗ ಸಿಗಬೇಕು, ಎಂಟು ಅಡಿಯಾದರೂ ಸರಿ. ಕೆಲಸ ನಡೆಯುವಾಗ ಆ ಭಾಗದ ಅಂಗಡಿಗಳಿಗೆ ಅದೇ ರಸ್ತೆಯ ಖಾಲಿ ಸೈಟಿನಲ್ಲಿ ತಗಡಿನ ಶೆಡ್ ಹಾಕಿಕೊಡಲಿ. ಊರಾಚೆ ಕಳಿಸಿದರೆ ಗಿರಾಕಿ ಜೊತೆಗೆ ಬರುವುದಿಲ್ಲ.

ಮನೆಯ ವಿಷಯವೂ ಇದೆ, ಇದನ್ನು ಗಂಡಸರು ಮಾತಾಡುವಾಗ ಮರೆಯುತ್ತಾರೆ. ಅಬ್ಬಾ ಜುಮಾ ನಮಾಜಿಗೆ ಹೋದಾಗ, ಮಾಲು ತರಲು ಹೋದಾಗ ಅಮ್ಮಿ ಒಲೆ ಸಣ್ಣಗೆ ಮಾಡಿ ಬಂದು ಅಂಗಡಿಯಲ್ಲಿ ಕೂರುತ್ತಾರೆ. ಕೊಡೆ ಕಡ್ಡಿ ರಿಪೇರಿ ಅವರೇ ಮಾಡುವುದು. ದಾದಿ ಹಿಂದಿನ ಕೋಣೆಯಲ್ಲಿ ರಜಾಯಿ ಹೊಲಿಯುತ್ತಾರೆ. ನಾನು ಗಲ್ಲಾದ ಪಕ್ಕದಲ್ಲೇ ಓದುತ್ತೇನೆ. ಅಂಗಡಿಯನ್ನು ಒಂದು ಕಡೆ, ಮನೆಯನ್ನು ದೂರದ ಲೇಔಟಿನಲ್ಲಿ ಇನ್ನೊಂದು ಕಡೆ ಮಾಡಿದರೆ ನಕ್ಷೆಯಲ್ಲಿ ಎರಡೂ ಚೆನ್ನಾಗಿ ಕಾಣಬಹುದು. ಆದರೆ ಅಮ್ಮಿಯ ದುಡಿಮೆ ಅಂದಿಗೇ ನಿಲ್ಲುತ್ತದೆ. ಯಾವ ಪರಿಹಾರದ ಪಟ್ಟಿಯಲ್ಲೂ ಅದು ಬರುವುದಿಲ್ಲ, ಏಕೆಂದರೆ ಅಂಗಡಿ ಅಬ್ಬಾ ಹೆಸರಿನಲ್ಲಿದೆ. ಆದ್ದರಿಂದ ಕೆಳಗೆ ಅಂಗಡಿ, ಮೇಲೆ ಮನೆ ಎಂಬ ನಮ್ಮ ಪದ್ಧತಿಯನ್ನು ಹೊಸ ಯೋಜನೆಯೂ ಉಳಿಸಿಕೊಳ್ಳಲಿ. ವೆಲ್ಡಿಂಗ್ ಶಾಪ್‌ನಂಥ ಸದ್ದು, ಕಿಡಿ ಇರುವ ಕೆಲಸಕ್ಕೆ ಬೇರೆ ಜಾಗ ಕೊಡುವುದು ನ್ಯಾಯ.

ನಿಧಾನ ಎಂದರೆ ಎಷ್ಟು ನಿಧಾನ? ಇದಕ್ಕೆ ಉತ್ತರ ಹೇಳದಿದ್ದರೆ ನನ್ನ ವಾದ ಅರ್ಧವಾಗುತ್ತದೆ. ನಮ್ಮ ಊರಿಗಿಂತ ದೊಡ್ಡ ಊರುಗಳಲ್ಲಿ ಏನಾಯಿತು ನೋಡಿ ಎಂದು ನಮ್ಮ ಉಪನ್ಯಾಸಕರು ಹೇಳಿದರು. ಎರಡು ಕಡೆಯದನ್ನು ಓದಿದೆ.

ಮೊದಲನೆಯದು ಮೈಸೂರಿನ ದೇವರಾಜ ಮಾರುಕಟ್ಟೆ. 19ನೇ ಶತಮಾನದ ಕೊನೆಯಲ್ಲಿ ಕಟ್ಟಿದ್ದು. 2016ರ ಆಗಸ್ಟ್‌ನಲ್ಲಿ, ದುರಸ್ತಿ ನಡೆಯುತ್ತಿದ್ದಾಗಲೇ ಅದರ ಒಂದು ಭಾಗ ಕುಸಿಯಿತು. ಕೆಡವಿ ಹೊಸದು ಕಟ್ಟಬೇಕೋ, ಇದ್ದದ್ದನ್ನೇ ಗಟ್ಟಿ ಮಾಡಬೇಕೋ ಎಂಬ ವಾದ ಹೈಕೋರ್ಟಿನವರೆಗೆ ಹೋಗಿ ವರ್ಷಗಟ್ಟಲೆ ನಡೆಯಿತು. ಅಷ್ಟೂ ದಿನ ಬಾಡಿಗೆದಾರರು ಅದೇ ಕಟ್ಟಡದಲ್ಲಿ ಹೂವು, ಬಾಳೆಹಣ್ಣು, ಕುಂಕುಮ ಮಾರುತ್ತಲೇ ಇದ್ದರು.

ಎರಡನೆಯದು ಮುಂಬಯಿಯ ಭೆಂಡಿ ಬಜಾರ್. ಅದೂ ಕೆಳಗೆ ಅಂಗಡಿ, ಮೇಲೆ ಮನೆಗಳ ಹಳೇ ಪೇಟೆ. ದಾವೂದಿ ಬೊಹ್ರಾ ಸಮುದಾಯ 2009ರಲ್ಲಿ ಸೈಫೀ ಬುರ್ಹಾನಿ ಅಪ್‌ಲಿಫ್ಟ್‌ಮೆಂಟ್ ಟ್ರಸ್ಟ್ ಕಟ್ಟಿಕೊಂಡು ಅಲ್ಲಿನ 16.5 ಎಕರೆಯನ್ನು ಹೊಸದಾಗಿ ಕಟ್ಟಲು ಹೊರಟಿತು. ಸುಮಾರು 250 ಕಟ್ಟಡ, 3,200 ಕುಟುಂಬ, 1,250 ಅಂಗಡಿ. ಒಂದೊಂದೇ ಭಾಗದ ಜನರನ್ನು ತಾತ್ಕಾಲಿಕ ಮನೆಗಳಿಗೆ ಕಳಿಸಿ, ಹಳೆಯದನ್ನು ಕೆಡವಿ, ಕಟ್ಟಿದ ಮೇಲೆ ವಾಪಸ್ ಕರೆಯುವುದು ಯೋಜನೆ. ಇದನ್ನು ಓದಿ ನನಗೆ ಬಹಳ ಖುಷಿಯಾಯಿತು, ನಾನು ಹೇಳುವುದೂ ಇದನ್ನೇ ಅಲ್ಲವೇ ಎಂದು. ಆದರೆ ಮುಂದೆ ಓದಿದಾಗ ಖುಷಿ ಉಳಿಯಲಿಲ್ಲ. 2017ರ ಆಗಸ್ಟ್ 31ರಂದು ಅದೇ ಯೋಜನೆಯ ಜಾಗದಲ್ಲಿದ್ದ ಹುಸೇನಿ ಕಟ್ಟಡ ಕುಸಿಯಿತು. ನೂರು ವರ್ಷಕ್ಕೂ ಹಳೆಯದು. ಕೆಲವು ಕುಟುಂಬಗಳು ಮೊದಲೇ ತಾತ್ಕಾಲಿಕ ಮನೆಗೆ ಹೋಗಿದ್ದವು, ಕೆಲವರು ಅಲ್ಲೇ ಇದ್ದರು. 30ಕ್ಕೂ ಹೆಚ್ಚು ಜನ ಸತ್ತರು.

ದಾದಿಗೆ ಇದನ್ನು ಹೇಳಿದೆ. ಅವರು ಸೂಜಿ ಪಕ್ಕಕ್ಕಿಟ್ಟು, "ಆಸ್ತೆ ಕರೋ, ಮಗರ್ ಕರೋ" ಎಂದರು. ನಿಧಾನ ಮಾಡಿ, ಆದರೆ ಮಾಡಿ. ಆಮೇಲೆ ನಮ್ಮ ಹಿಂದಿನ ಕೋಣೆಯ ಬಿರುಕು ಬಿಟ್ಟ ಗೋಡೆ ತೋರಿಸಿ, "ಇಸ್ಕು ಪೈಲೆ" ಎಂದರು. ಇದನ್ನು ಮೊದಲು. ನಾನು ಬರೆದಿಟ್ಟಿದ್ದ ಪಟ್ಟಿಯನ್ನು ಅಂದು ರಾತ್ರಿ ಬದಲಿಸಿದೆ. ಮೊದಲ ಕಂತಿನಲ್ಲಿ ಅಪಾಯದ ಗೋಡೆಗಳು, ತೆರೆದ ಚರಂಡಿ ಬರಬೇಕು. ಇವಕ್ಕೆ ವ್ಯಾಪಾರದ ತಿಂಗಳು ನೋಡಿ ಕಾಯುವಂತಿಲ್ಲ. ಉಳಿದ ಕೆಲಸ ಆಮೇಲೆ. ಪ್ರತಿ ಕಂತಿಗೂ ಆರಂಭದ ದಿನ, ಮುಗಿಯುವ ದಿನ ಬರೆದ ಬೋರ್ಡು ಬೀದಿಯಲ್ಲಿ ಇರಬೇಕು. ಒಂದು ಭಾಗ ಮುಗಿಯದೆ ಇನ್ನೊಂದನ್ನು ಅಗೆಯಬಾರದು.

ಕಾನೂನಿನಲ್ಲಿ ನಮಗೆ ಏನೂ ಇಲ್ಲವೇ? ಇದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಷ್ಟು ವ್ಯಾಪಾರಿಗಳೇ ಇರಬೇಕು, ಎಬ್ಬಿಸುವ ಮೊದಲು 30 ದಿನಗಳ ನೋಟಿಸ್ ಕೊಡಬೇಕು. ಸಮೀಕ್ಷೆಯಲ್ಲಿ ಗುರುತಿಸಿದ ವ್ಯಾಪಾರಿಗಳಿಗೆ ಜನಸಂಖ್ಯೆಯ ಶೇ. 2.5ರ ಮಿತಿಯೊಳಗೆ ಜಾಗ ಒದಗಿಸಬೇಕು. ನಮ್ಮ ನಗರದ 2011ರ ಲೆಕ್ಕಕ್ಕೆ ಗುಣಿಸಿದರೆ ಆ ಮಿತಿ ಸುಮಾರು 2,960 ಜನ. ತಳ್ಳುಗಾಡಿಯವರನ್ನು "ಅಡ್ಡಿ" ಎಂದು ಬೈಯುವವರು ಇದನ್ನು ಗಮನಿಸಲಿ. 2013ರ ಭೂಸ್ವಾಧೀನ ಕಾಯ್ದೆಯಡಿ ಸರ್ಕಾರ ಜಾಗ ಪಡೆದರೆ, ಜಾಗದ ಮಾಲೀಕರಲ್ಲದಿದ್ದರೂ ಹಿಂದಿನ ಮೂರು ವರ್ಷ ಅಲ್ಲೇ ದುಡಿದು ಬದುಕುತ್ತಿದ್ದ ಕುಟುಂಬವನ್ನೂ ಬಾಧಿತ ಕುಟುಂಬ ಎಂದು ಪರಿಗಣಿಸಬೇಕು. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಪ್ರಕಾರ ಊರಿನ ಮಾಸ್ಟರ್ ಪ್ಲಾನ್ ಪ್ರಕಟಿಸಿದಾಗ 60 ದಿನದೊಳಗೆ ಯಾರು ಬೇಕಾದರೂ ಲಿಖಿತವಾಗಿ ಅಭಿಪ್ರಾಯ ಕೊಡಬಹುದು.

ಆದರೆ ಮೂರು ವರ್ಷ ಅಲ್ಲೇ ದುಡಿದೆವು ಎಂದು ತೋರಿಸುವುದು ಹೇಗೆ? ನಮ್ಮ ಅಂಗಡಿಗೆ ಬರಹದ ಕರಾರು ಇಲ್ಲ. ದಾದಾ ಕಾಲದಲ್ಲಿ ಬಾಯಿಮಾತಿನಲ್ಲಿ ಆದದ್ದು. ಪ್ರತಿ ತಿಂಗಳು 5ನೇ ತಾರೀಖು ಅಬ್ಬಾ ಬಾಡಿಗೆ ಕೊಡುತ್ತಾರೆ, ಮಾಲೀಕರಮ್ಮ ಎಣಿಸಿ ಸೆರಗಿಗೆ ಕಟ್ಟಿಕೊಳ್ಳುತ್ತಾರೆ, ರಸೀದಿ ಇಲ್ಲ. ಅವರು ಒಳ್ಳೆಯವರು. ಅವರಿಗೂ ಆ ಬಾಡಿಗೆಯೇ ಆಧಾರ. ಅವರನ್ನು ವೈರಿ ಮಾಡಿಕೊಂಡು ನಾವು ಬದುಕಬೇಕಿಲ್ಲ. ಆದರೆ ಅವರ ಮಕ್ಕಳು ನಾಳೆ ಹೊಸ ಕಟ್ಟಡ ಕಟ್ಟಿ ಮೂರು ಪಟ್ಟು ಬಾಡಿಗೆ ಕೇಳಿದರೆ? ನನ್ನ ಅಭಿಪ್ರಾಯದಲ್ಲಿ ಹೊಸ ಕಟ್ಟಡಕ್ಕೆ ಅನುಮತಿ ಕೊಡುವಾಗಲೇ ಹಳೇ ಬಾಡಿಗೆದಾರರಿಗೆ ಮೊದಲ ಅವಕಾಶ ಎಂಬ ಷರತ್ತು ಇರಬೇಕು. ಬಾಡಿಗೆಯೂ ಒಂದೇ ಸಲ ಏರದೆ ಐದು ವರ್ಷದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರಲಿ. ಮಾಲೀಕರಿಗೆ ಇದು ನಷ್ಟ ಎನ್ನಬಹುದು. ಖಾಲಿ ಬಿದ್ದ ಹೊಸ ಅಂಗಡಿಗಿಂತ ಪ್ರತಿ ತಿಂಗಳು 5ನೇ ತಾರೀಖು ತಪ್ಪದೆ ಬರುವ ಬಾಡಿಗೆದಾರ ಲಾಭವೇ ಎಂದು ನನಗನ್ನಿಸುತ್ತದೆ.

ನಾವು ವಿದ್ಯಾರ್ಥಿಗಳು ಏನು ಮಾಡಬಹುದು? ವಾಣಿಜ್ಯ ವಿಭಾಗದ ಗೆಳೆಯ ಗೆಳತಿಯರಲ್ಲಿ ಒಂದು ಕೋರಿಕೆ. ನಮ್ಮಲ್ಲಿ ಬಹಳ ಜನರ ಮನೆಯಲ್ಲಿ ಒಂದು ಅಂಗಡಿಯೋ ಗಾಡಿಯೋ ಇದೆ. ಈ ರಜೆಯಲ್ಲಿ ಅದರ ಹಿಂದಿನ ಒಂದು ವರ್ಷದ ಮಾರಾಟವನ್ನು ತಿಂಗಳುವಾರು ಬರೆಯಿರಿ. ಕರೆಂಟ್ ಬಿಲ್, ಟ್ರೇಡ್ ಲೈಸೆನ್ಸ್, ಹೋಲ್‌ಸೇಲ್ ಬಿಲ್‌ಗಳನ್ನು ವರ್ಷವಾರು ಫೈಲ್ ಮಾಡಿಡಿ. ಬಾಡಿಗೆಯನ್ನು ಬ್ಯಾಂಕ್ ಅಥವಾ ಫೋನ್ ಮೂಲಕ ಕೊಡಲು ಹೇಳಿ, ಅದೇ ರಸೀದಿಯಾಗುತ್ತದೆ. ನಮ್ಮ ಉಪನ್ಯಾಸಕರಲ್ಲೂ ಒಂದು ಮನವಿ: ಈ ವರ್ಷದ ಪ್ರಾಜೆಕ್ಟಿಗೆ ನಮ್ಮದೇ ಬಡಾವಣೆಯ ಒಂದು ರಸ್ತೆಯನ್ನು ಕೊಡಿ. ಹತ್ತು ಗುಂಪು ಹತ್ತು ರಸ್ತೆಯ ಲೆಕ್ಕ ತಂದರೆ ಅದನ್ನು ಸಂಬಂಧಪಟ್ಟ ಕಚೇರಿಗೆ ಕೊಡಬಹುದು. ನಾವು ಕೊಟ್ಟದ್ದನ್ನು ಅವರು ಒಪ್ಪಲೇಬೇಕೆಂದಿಲ್ಲ. ಆದರೆ ಲೆಕ್ಕವೇ ಇಲ್ಲದೆ ಹೋದರೆ ಗೋಡೆಯ ಗೆರೆಯೊಂದೇ ಲೆಕ್ಕವಾಗುತ್ತದೆ.

ನಾವು ಕೂಡ ಒಂದು ಕಂತು ಕಟ್ಟಿದ್ದೇವೆ. ಈ ಮೇ ತಿಂಗಳಲ್ಲಿ ಕೊಡೆಯ ಮಂಚವನ್ನು ಫುಟ್‌ಪಾತಿಗೆ ಹಾಕಬಾರದು ಎಂದು ಮನೆಯಲ್ಲಿ ಎರಡು ದಿನ ಜಗಳವಾಡಿ ಅಬ್ಬಾ ಅವರನ್ನು ಒಪ್ಪಿಸಿದೆ. ಕೊಡೆಗಳನ್ನು ಒಳಗೆ ಹಗ್ಗ ಕಟ್ಟಿ ತೂಗುಹಾಕುತ್ತೇವೆ. "ವ್ಯಾಪಾರ ಕಮ್ಮಿಯಾದರೆ ನಿನ್ನ ಲೆಡ್ಜರ್‌ನಲ್ಲಿ ಬರಿ" ಎಂದಿದ್ದಾರೆ. ಬರೆಯುತ್ತೇನೆ. ಸೋರುವ ಶೀಟನ್ನೂ ಮಳೆ ಶುರುವಾಗುವ ಮೊದಲು ಬದಲಿಸಲು ಹೇಳಿದ್ದೇನೆ. ಅದಕ್ಕೆ ಇನ್ನೂ ಒಪ್ಪಿಲ್ಲ. "ತಾರೀಖು ಹೇಳಲಿ, ಆಮೇಲೆ ನೋಡೋಣ" ಎನ್ನುತ್ತಾರೆ.

— ವಿದ್ಯಾರ್ಥಿನಿ, ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ